‘ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’: ಪ್ರೆಸ್ ಶಾಪ್ ಕೆಲಸ ಮತ್ತು ಕಿವಿ

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆಯವರು. ಹದಿನಾಲ್ಕು ವರ್ಷಗಳಿಂದ ಪುಣೆಯ ಭೋಸರಿಯಲ್ಲಿ ಇದ್ದೇವೆ. ನಮ್ಮ ಮನೆಯವರಿಗೆ ಈಗ 38 ವರ್ಷ. ಬಂದಾಗಿನಿಂದಲೂ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರೆಸ್ ಶಾಪ್‌ನಲ್ಲಿ ತಗಡನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸುವ ಪವರ್ ಪ್ರೆಸ್ ಯಂತ್ರದ ಮೇಲೆ ಕೆಲಸ. ಗುತ್ತಿಗೆದಾರನ ಕೈಕೆಳಗೆ, ಹೆಚ್ಚಿನ ದಿನ 12 ಗಂಟೆ, ಗುರುವಾರ ರಜೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆ. ಎರಡು ವರ್ಷಗಳಿಂದ ಟಿವಿ ಜೋರಾಗಿ ಇಡುತ್ತಾರೆ. ಕರೆದರೆ ತಿರುಗುತ್ತಾರೆ, ಆದರೆ ಕೇಳಿದ್ದೊಂದು, ಉತ್ತರ ಇನ್ನೊಂದು. ‘ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತದಂತೆ. ಗುರುವಾರ ಸಂಜೆಯ ಹೊತ್ತಿಗೆ ಸ್ವಲ್ಪ ಪರವಾಗಿಲ್ಲವಂತೆ. ಮೂರನೇ ತರಗತಿಯ ಮಗಳು ಪಾಠ ಒಪ್ಪಿಸಿದರೆ ಸುಮ್ಮನೆ ಹೂಂ ಎನ್ನುತ್ತಾರೆ. ಅಪ್ಪ ನನ್ನ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಬೇಸರ. ಅತ್ತೆಯವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡು ಎನ್ನುತ್ತಾರೆ. ಔಷಧಿ ಅಂಗಡಿಯವರು ನರದ ಮಾತ್ರೆ ಕೊಟ್ಟರು. ಜೊತೆಯ ಕೆಲಸಗಾರರು ‘ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ’ ಎನ್ನುತ್ತಾರೆ. ಪರೀಕ್ಷೆ ಮಾಡಿಸೋಣ ಎಂದರೆ, ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನ ಗೇಟಿನಿಂದಲೇ ವಾಪಸ್ ಕಳುಹಿಸುತ್ತಾರೆ ಎಂದು ಹೆದರುತ್ತಾರೆ. ಹೋದ ಕಿವಿ ಬರುತ್ತದೆಯೇ? ಕೆಲಸ ಬಿಡಬೇಕೇ? ಕಿವಿಗೆ ಯಂತ್ರ ಹಾಕಿಸಿದರೆ ಇನ್ನೂ ಹಾಳಾಗುತ್ತದೆ ಎನ್ನುವುದು ನಿಜವೇ?

ಉತ್ತರ: ತಂಗಿ, ನಿಮ್ಮ ಮನೆಯವರು ಹೇಳಿದ ಆ ಒಂದು ಮಾತಿನಲ್ಲೇ ರೋಗದ ಗುರುತಿದೆ. ಪಿಂಪರಿ-ಚಿಂಚವಡದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ನನಗೆ ಇಪ್ಪತ್ತು ವರ್ಷಗಳ ಮೇಲಾಯಿತು. ಪ್ರೆಸ್ ಶಾಪ್, ಫೋರ್ಜಿಂಗ್, ಗ್ರೈಂಡಿಂಗ್ ಕೆಲಸದವರು ನನ್ನೆದುರು ಕುಳಿತು ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು ಕಿವಿಯದು, ಇನ್ನೊಂದು ಕೆಲಸದ್ದು. ಎರಡನೆಯದು ಮೊದಲನೆಯದನ್ನು ಮುಚ್ಚಿಡುತ್ತಿದೆ. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಬಾಡಿಗೆ ಮನೆ, ಮಗಳ ಶಾಲೆ, ಊರಿಗೆ ಕಳುಹಿಸುವ ಹಣ ಎಲ್ಲವೂ ಆ ಗೇಟಿನ ಮೇಲೆಯೇ ನಿಂತಿರುವಾಗ ಯಾರಾದರೂ ಹೆದರುತ್ತಾರೆ. ಆದರೂ ಮೊದಲು ಕಿವಿಯ ವಿಷಯ ನೋಡೋಣ.

ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಅವರು ನಿಮ್ಮ ಮುಖ ನೋಡದಂತೆ ಹಿಂದೆ ನಿಂತು, ಸಾಧಾರಣ ಧ್ವನಿಯಲ್ಲಿ ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಎಂದು ಒಂದೊಂದಾಗಿ ಹೇಳಿ. ಅವರಿಗೆ ನಾಲ್ಕೂ ‘ಆಲು’ ಎಂದೇ ಕೇಳಿಸಿದರೆ ಆಶ್ಚರ್ಯವಿಲ್ಲ. ಮಾತಿನ ಬಲವೆಲ್ಲ ಸ್ವರಗಳಲ್ಲಿರುತ್ತದೆ. ಅವು ಕೆಳಸ್ಥಾಯಿಯ ಧ್ವನಿಗಳು. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಸ, ಶ, ಹ, ಕ, ತ, ಪ ಇಂತಹ ಮೆಲುವಾದ ವ್ಯಂಜನಗಳು, ಅವುಗಳಲ್ಲೂ ಸ, ಶಗಳ ಸ್ಥಾಯಿ ತೀರ ಮೇಲಿನದು. ಕಾರ್ಖಾನೆಯ ಸದ್ದು ಮೊದಲು ತಿನ್ನುವುದು ಈ ಮೇಲಿನ ಭಾಗವನ್ನೇ, ಅದರಲ್ಲೂ 4000 ಹರ್ಟ್ಸ್‌ನ (ಹರ್ಟ್ಸ್ ಎಂದರೆ ಸ್ಥಾಯಿಯ ಅಳತೆ) ಆಸುಪಾಸನ್ನು. ಆದ್ದರಿಂದ ಯಾರೋ ಕರೆದದ್ದು ತಿಳಿಯುತ್ತದೆ, ಕರೆದು ಏನು ಹೇಳಿದರು ಎಂಬುದು ತಿಳಿಯುವುದಿಲ್ಲ. ಮಕ್ಕಳ ಸಣ್ಣ ದನಿ ಎಲ್ಲಕ್ಕಿಂತ ಮೊದಲು ಕೈಬಿಡುತ್ತದೆ. ಅವರ ಹೂಂಕಾರ ಅಸಡ್ಡೆಯದಲ್ಲ. ಎರಡು ಸಲ ‘ಏನು?’ ಎಂದು ಕೇಳಿ, ಮೂರನೇ ಸಲ ಕೇಳಲು ನಾಚಿಕೊಂಡ ಮನುಷ್ಯ ಹೂಂ ಎನ್ನುತ್ತಾನೆ.

ಹೀಗಾಗುವುದು ಏಕೆ? ಕಿವಿಯ ತಮಟೆಯ ಆಚೆ, ಮೂಳೆಯೊಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಕೊಳವೆಯಿದೆ. ಅದರಲ್ಲಿ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲೆಗೆ ಬಾಗಿ, ನರಕ್ಕೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ನಿಮ್ಮ ಸೀಮೆಯ ಜೋಳದ ಹೊಲವನ್ನು ನೆನಪಿಸಿಕೊಳ್ಳಿ. ಜೋರು ಗಾಳಿ ಬೀಸಿದರೆ ಪೈರು ಮಲಗುತ್ತದೆ, ಒಂದೆರಡು ದಿನದಲ್ಲಿ ತಲೆಯೆತ್ತುತ್ತದೆ. ಗಾಳಿ ಬಿಡದೆ ದಿನವೂ ಬೀಸಿದರೆ ದಂಟು ಮುರಿಯುತ್ತದೆ. ಜೋಳವನ್ನಾದರೆ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ಮನುಷ್ಯನ ಕಿವಿಯಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಇದು: ಪೂರ್ತಿ ಹೋದದ್ದು ಬರುವುದಿಲ್ಲ, ಅದನ್ನು ತರುವ ಮಾತ್ರೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಂದು ಇಲ್ಲ.

ಆದರೆ ‘ಗುರುವಾರ ಸಂಜೆ ಪರವಾಗಿಲ್ಲ’ ಎಂದು ನೀವು ಬರೆದಿದ್ದೀರಲ್ಲ, ಅದು ನನಗೆ ಬಹಳ ಮುಖ್ಯ. ಮಲಗಿದ ಪೈರಿನಲ್ಲಿ ಒಂದು ಪಾಲು ಇನ್ನೂ ಏಳುತ್ತಿದೆ ಎಂದು ಅದರ ಅರ್ಥ. ಉಳಿಸಿಕೊಳ್ಳಲು ಇನ್ನೂ ಇದೆ. ಅದೇ ಗುರುವಾರ ಮೋಸವನ್ನೂ ಮಾಡುತ್ತದೆ: ರಜೆಯ ದಿನ ಹಗುರವಾಯಿತು, ಏನೂ ಆಗಿಲ್ಲ ಎಂದುಕೊಂಡು ಶುಕ್ರವಾರ ಮತ್ತೆ ಅದೇ ಪ್ರೆಸ್ ಮುಂದೆ ನಿಲ್ಲುತ್ತಾರೆ. ಸದ್ದಿನಿಂದ ಬರುವ ಹಾನಿ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ವೇಗವಾಗಿ ಏರುತ್ತದೆ. ನಿಮ್ಮವರು ಹದಿನಾಲ್ಕರಲ್ಲಿದ್ದಾರೆ. ಇನ್ನು ಮುಂದೆ ತಿನ್ನುವುದು ಮಾತಿಗೆ ನೇರವಾಗಿ ಬೇಕಾದ 2000, 3000 ಹರ್ಟ್ಸ್‌ನ ಭಾಗವನ್ನು. ಇನ್ನೊಂದು ಸಮಾಧಾನ: ಸದ್ದು ನಿಂತರೆ, ಸದ್ದಿನಿಂದಾಗುವ ಹಾನಿಯೂ ಅಲ್ಲಿಗೇ ನಿಲ್ಲುತ್ತದೆ.

ಇದು ಹೊಸ ರೋಗವೂ ಅಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜಿನಿ, ದಿನವಿಡೀ ತಾಮ್ರ ಬಡಿಯುವ ಕಂಚುಗಾರರು ಮುಪ್ಪಿನಲ್ಲಿ ಪೂರ್ತಿ ಕಿವುಡಾಗುತ್ತಾರೆ ಎಂದು ಬರೆದಿಟ್ಟ. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ಇಂದಿಗೂ ತಾಮ್ರದ ಹಂಡೆ ಬಡಿಯುವ ಸದ್ದು ಕೇಳುತ್ತದೆ. ಆ ಓಣಿಯಲ್ಲಿ ನಡೆದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ದೊಡ್ಡವರಲ್ಲಿ ಕಂಡುಬರುವ ದಿನದ ಬದುಕಿಗೆ ತೊಡಕಾಗುವ ಶ್ರವಣದೋಷದಲ್ಲಿ ಸುಮಾರು 16 ಶೇಕಡಾ ಕೆಲಸದ ಸದ್ದಿನಿಂದ ಬಂದದ್ದು ಎಂದು 2005ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು ಹೇಳುತ್ತದೆ. ನಮ್ಮಂತಹ ದೇಶಗಳಲ್ಲಿ ಈ ಪಾಲು ಶ್ರೀಮಂತ ದೇಶಗಳಿಗಿಂತ ಹೆಚ್ಚು. ತಡೆಯುವ ಉಪಾಯ ಗೊತ್ತಿದ್ದೂ ಆಗುತ್ತಿರುವ ಹಾನಿ ಇದು. ಅದೇ ನನಗೆ ಹೆಚ್ಚು ನೋವು ಕೊಡುವುದು.

ಈಗ ಸುತ್ತಲಿನವರ ಮಾತುಗಳು. ‘ಕಿವಿ ಒಗ್ಗಿಕೊಳ್ಳುತ್ತದೆ’ ಎನ್ನುವುದು ಇವುಗಳಲ್ಲೆಲ್ಲ ಅಪಾಯದ ಮಾತು. ಸದ್ದು ಮೊದಲಿನಷ್ಟು ಕಾಡುವುದಿಲ್ಲ ಎಂದರೆ ಅದನ್ನು ಕೇಳಬೇಕಾದ ಕೋಶಗಳು ಕಡಿಮೆಯಾಗಿವೆ ಎಂದೇ ಅರ್ಥವಾಗಬಹುದು. ಹೊಸದಾಗಿ ಸೇರಿದ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ, ಹಳಬರು ನಗುತ್ತಾರೆ; ಆ ಹುಡುಗನ ಕಿವಿಯೇ ಸರಿಯಾಗಿರುವುದು. ನೋವಿಲ್ಲದಿದ್ದರೆ ಹಾನಿಯಿಲ್ಲ ಎನ್ನುವುದೂ ತಪ್ಪು. ಕಿವಿಗೆ ನೋವು ಬರುವುದು ಸದ್ದಿನ ಅಳತೆಯಲ್ಲಿ ಸುಮಾರು 120 ಡೆಸಿಬಲ್ ದಾಟಿದ ಮೇಲೆ, ಹಾನಿ ಅದಕ್ಕಿಂತ ಎಷ್ಟೋ ಕೆಳಗೆ, 85ರ ಆಸುಪಾಸಿನಲ್ಲೇ ಶುರುವಾಗುತ್ತದೆ.

ಅತ್ತೆಯವರ ಎಣ್ಣೆಯ ಹಿಂದೆ ಪ್ರೀತಿಯಿದೆ, ಆದರೆ ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ. ಹಾನಿಯಾಗಿರುವುದು ತಮಟೆಯ ಆಚೆ, ಮೂಳೆಯೊಳಗೆ. ಬಿಸಿ ಹೆಚ್ಚಾಗಿದ್ದರೆ ಕಿವಿ ಸುಡುತ್ತದೆ, ತೇವ ನಿಂತರೆ ಬೂಷ್ಟು ಹಿಡಿಯುತ್ತದೆ, ತಮಟೆಯಲ್ಲಿ ತೂತಿದ್ದರೆ ಸೋಂಕು ಒಳಗಿಳಿಯುತ್ತದೆ. ಅಂಗಡಿಯ ‘ನರದ ಮಾತ್ರೆ’ ಹೆಚ್ಚಾಗಿ ಬಿ12 ಜೀವಸತ್ವ. ರಕ್ತದಲ್ಲಿ ಅದರ ಕೊರತೆಯಿದ್ದರೆ ತೆಗೆದುಕೊಳ್ಳಲಿ. ಮುರಿದ ರೋಮಕೋಶವನ್ನು ಅದು ಕಟ್ಟುವುದಿಲ್ಲ. ಕಿವಿಗೆ ಹತ್ತಿ ತುರುಕುವುದರಿಂದ ಪ್ರೆಸ್‌ನ ಸದ್ದಿಗೆ ರಕ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಸ್ಟೇಷನ್ ಪಕ್ಕದಲ್ಲಿ ಕಡ್ಡಿ ಹಿಡಿದು ಕಿವಿ ಶುಚಿ ಮಾಡುವವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ಅವರ ಕಡ್ಡಿಯಿಂದ ತೂತಾದ ತಮಟೆಗಳಿಗೆ ನಾನು ತೇಪೆ ಹಾಕಿದ್ದೇನೆ.

ಎಷ್ಟು ಸದ್ದು ಹೆಚ್ಚು? ಒಂದು ಕೈಯಳತೆಯ ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾಗಿ ಬಂದರೆ ಅಲ್ಲಿ 85 ಡೆಸಿಬಲ್ ದಾಟಿದೆ ಎಂದು ತಿಳಿಯಿರಿ. ಪ್ರೆಸ್ ಶಾಪ್‌ಗಳಲ್ಲಿ 90ರಿಂದ 100 ಸಾಮಾನ್ಯ. ಡೆಸಿಬಲ್ ಲೆಕ್ಕ ಕಿಲೋ, ಲೀಟರಿನಂತಲ್ಲ: 3 ಏರಿದರೆ ಕಿವಿಗೆ ಬಡಿಯುವ ಶಕ್ತಿ ಎರಡರಷ್ಟಾಗುತ್ತದೆ. ಆದ್ದರಿಂದ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ದಿನದ ಮಿತಿಯನ್ನು 85 ಡೆಸಿಬಲ್‌ಗೆ 8 ಗಂಟೆ, 88ಕ್ಕೆ 4, 91ಕ್ಕೆ 2 ಎಂದು ಇಳಿಸುತ್ತಾ ಹೋಗಿ, 100 ಡೆಸಿಬಲ್‌ನಲ್ಲಿ 15 ನಿಮಿಷ ಸಾಕು ಎನ್ನುತ್ತದೆ. ನಮ್ಮ ದೇಶದ ಮಾದರಿ ಕಾರ್ಖಾನೆ ನಿಯಮಗಳು 90 ಡೆಸಿಬಲ್‌ನಲ್ಲಿ 8 ಗಂಟೆ, 100ರಲ್ಲಿ 2 ಗಂಟೆ ಬಿಡುತ್ತವೆ. ಮಾಲೀಕರು ‘ನಾವು ನಿಯಮದೊಳಗಿದ್ದೇವೆ’ ಎಂದಾಗ ಈ ಅಂತರ ನೆನಪಿರಲಿ. ಅದೂ ಅಲ್ಲದೆ, ಎರಡೂ ಲೆಕ್ಕಗಳು 8 ಗಂಟೆಯ ಪಾಳಿಗೆ ಮಾಡಿದವು. 12 ಗಂಟೆ ದುಡಿಯುವವರ ಕಿವಿಗೆ ಪೆಟ್ಟೂ ಹೆಚ್ಚು, ಸುಧಾರಿಸಿಕೊಳ್ಳುವ ಹೊತ್ತೂ ಕಡಿಮೆ.

ಮೊದಲ ಕೆಲಸ ಪರೀಕ್ಷೆ. ಅದರ ಹೆಸರು ಆಡಿಯೋಮೆಟ್ರಿ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸ್ವರ ಕೇಳಿಸಿ ಬೆರಳೆತ್ತಿಸುತ್ತಾರೆ. ಅರ್ಧ ಗಂಟೆಯ ಕೆಲಸ, ನೋವಿಲ್ಲ. ಪಾಳಿ ಮುಗಿಸಿ ನೇರ ಬಂದು ಕುಳಿತರೆ ಲೆಕ್ಕ ತಪ್ಪುತ್ತದೆ. ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿರಬೇಕು. ಬುಧವಾರ ರಾತ್ರಿ ಹೊತ್ತಾಗಿ ಪಾಳಿ ಬಿಟ್ಟರೆ ಗುರುವಾರ ಮಧ್ಯಾಹ್ನದ ಮೇಲೆ ಹೋಗಲಿ. ಇಎಸ್‌ಐ ಆಸ್ಪತ್ರೆಯಲ್ಲಿ ಕೇಳಿ, ಪಿಂಪರಿಯ ಯಶವಂತರಾವ್ ಚವ್ಹಾಣ್ ಆಸ್ಪತ್ರೆ ಇದೆ, ಪುಣೆಯ ಸಸೂನ್ ಇದೆ. ಮುಂಬೈಗೆ ಹೋಗುವ ಅನುಕೂಲವಿದ್ದರೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, ವಾಕ್ ಮತ್ತು ಶ್ರವಣ ದೋಷಗಳಿಗಾಗಿಯೇ ಇರುವ ಕೇಂದ್ರ ಸಂಸ್ಥೆ. ಸದ್ದಿನ ಹಾನಿ ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ಒಂದೇ ತೆರನಾಗಿ, ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್ ಹತ್ತಿರ ಒಂದು ತಗ್ಗಿನಂತೆ ಕಾಣುತ್ತದೆ. ಒಂದೇ ಕಿವಿಯಲ್ಲಿ ಹೆಚ್ಚಿದ್ದರೆ, ತಲೆಸುತ್ತು, ಕೀವು ಇದ್ದರೆ ಬೇರೆ ಕಾರಣ ಹುಡುಕಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಹೋದರೆ ಅದು ತುರ್ತು. ಅದಕ್ಕೆ ಚಿಕಿತ್ಸೆ ಇದೆ, ಆದರೆ ದಿನಗಳೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ, ಧೂಮಪಾನ, ಹಿಂದೆ ಕ್ಷಯಕ್ಕೆ ತೆಗೆದುಕೊಂಡ ಚುಚ್ಚುಮದ್ದು, ಪೇಂಟ್ ಮತ್ತು ಥಿನ್ನರ್ ಹೊಗೆ ಇವುಗಳನ್ನು ವೈದ್ಯರಿಗೆ ಮರೆಯದೆ ಹೇಳಲಿ. ಇವೂ ಒಳಕಿವಿಯನ್ನು ಕೆಡಿಸುತ್ತವೆ.

ಪರೀಕ್ಷೆಯ ಕಾಗದವನ್ನು ಮನೆಯಲ್ಲೇ ಇಡಿ. ಸ್ವಂತವಾಗಿ ಮಾಡಿಸಿದ ಪರೀಕ್ಷೆಯನ್ನು ಕಂಪನಿಗೆ ತೋರಿಸುವ ಕಟ್ಟಳೆಯಿಲ್ಲ. ಪ್ರತಿ ವರ್ಷ ಒಂದು ಕಾಗದ ಸೇರಿದರೆ, ಹಾನಿ ಮುಂದುವರಿಯುತ್ತಿದೆಯೇ ನಿಂತಿದೆಯೇ ಎಂದು ತಿಳಿಯುತ್ತದೆ. ನಾಳೆ ಪರಿಹಾರ ಕೇಳುವ ದಿನ ಬಂದರೆ ತಾರೀಖಿರುವ ಆ ಕಾಗದಗಳೇ ಅವರ ಪರ ನಿಲ್ಲುವುದು.

ಎರಡನೆಯ ಕೆಲಸ, ನಾಳೆಯ ಪಾಳಿಯಿಂದಲೇ, ಇಯರ್ ಪ್ಲಗ್. ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಸಿಕ್ಕಿಸಿಕೊಂಡು ಹಾಕಿದೆ ಎನ್ನುತ್ತಾರೆ. ಸ್ಪಂಜಿನ ಪ್ಲಗ್ ಆದರೆ ಶುಚಿಯಾದ ಬೆರಳಿನಿಂದ ದೀಪದ ಬತ್ತಿ ಹೊಸೆದಂತೆ ಸಪೂರವಾಗಿ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗೆ ಬಿಟ್ಟು, ಅದು ಅರಳುವ ತನಕ ಮೂವತ್ತು ಎಣಿಸುತ್ತಾ ಒತ್ತಿ ಹಿಡಿಯಬೇಕು. ಸರಿಯಾಗಿ ಕುಳಿತರೆ ಸ್ವಂತ ಮಾತು ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಪ್ರೆಸ್ ಕೆಲಸದಲ್ಲಿ ಕೈಗೆ ಎಣ್ಣೆ ಮೆತ್ತಿರುವುದರಿಂದ, ಹೊಸೆಯುವ ಅಗತ್ಯವಿಲ್ಲದ, ದಾರ ಕಟ್ಟಿದ, ತೊಳೆಯಲು ಬರುವ ಸಿಲಿಕೋನ್ ಪ್ಲಗ್ ನನ್ನ ಆಯ್ಕೆ. ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ಒಳ್ಳೆಯದೇ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಅದನ್ನು 12 ಗಂಟೆ ಹಾಕಿಕೊಂಡಿರಿ ಎಂದು ನಾನು ಯಾರಿಗೂ ಹೇಳಲಾರೆ. ಪೊಟ್ಟಣದ ಮೇಲೆ 28, 30 ಡೆಸಿಬಲ್ ತಗ್ಗುತ್ತದೆ ಎಂದಿದ್ದರೂ ಸ್ಪಂಜಿನ ಪ್ಲಗ್‌ಗೆ ಅರ್ಧ ಲೆಕ್ಕ ಹಿಡಿಯುವುದು ಕ್ಷೇಮ. ಅರ್ಧ ಪಾಳಿ ಹಾಕಿ ಅರ್ಧ ಪಾಳಿ ತೆಗೆದಿಟ್ಟರೆ, ಎಂತಹ ದುಬಾರಿ ಪ್ಲಗ್ ಆದರೂ ಒಟ್ಟು ರಕ್ಷಣೆ 3 ಡೆಸಿಬಲ್ ಮಾತ್ರ.

‘ಪ್ಲಗ್ ಹಾಕಿದರೆ ಯಂತ್ರದ ಸದ್ದು ತಿಳಿಯುವುದಿಲ್ಲ, ಬೆರಳು ಹೋದರೆ?’ ಎಂದು ಅವರು ಕೇಳಬಹುದು. ನ್ಯಾಯವಾದ ಪ್ರಶ್ನೆ, ಇದನ್ನು ತಳ್ಳಿಹಾಕುವ ಸುರಕ್ಷಾ ಅಧಿಕಾರಿಗಳ ಮೇಲೆ ನನಗೆ ಸಿಟ್ಟಿದೆ. ಕಿವಿ ಚೆನ್ನಾಗಿರುವವರಿಗೆ ಭಾರಿ ಸದ್ದಿನಲ್ಲಿ ಪ್ಲಗ್ ಹಾಕಿದಾಗ ಮಾತು ಇನ್ನೂ ಸ್ಪಷ್ಟವಾಗಿಯೇ ಕೇಳಬಹುದು. ಆಗಲೇ ಕಿವಿ ಕುಂದಿರುವವರಿಗೆ ನಿಜವಾಗಿಯೂ ಕಷ್ಟವಾಗುತ್ತದೆ. ಅದಕ್ಕೆ ಅತಿ ಹೆಚ್ಚು ಮುಚ್ಚುವ ಪ್ಲಗ್ ಬೇಡ. ಕಿವಿಗೆ ತಲುಪುವ ಸದ್ದು 75ರಿಂದ 80 ಡೆಸಿಬಲ್‌ಗೆ ಇಳಿದರೆ ಸಾಕು. ಫೋರ್ಕ್‌ಲಿಫ್ಟ್‌ಗೆ ಹಾರ್ನ್ ಜೊತೆ ದೀಪವೂ ಇರಬೇಕು. ಬೆರಳನ್ನು ಕಾಯಬೇಕಾದದ್ದು ಕೈ ಒಳಗೆ ಹೋಗದಂತೆ ಪ್ರೆಸ್‌ಗೆ ಹಾಕಿದ ಗಾರ್ಡ್, ಕಾರ್ಮಿಕನ ಕಿವಿಯಲ್ಲ.

ಪ್ಲಗ್ ಕೊಟ್ಟು ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು ಎನ್ನುವ ಮಾಲೀಕರಿದ್ದಾರೆ. ಮುಗಿಯುವುದಿಲ್ಲ. ಸದ್ದನ್ನು ಹುಟ್ಟುವಲ್ಲೇ ಹಿಡಿಯಬೇಕು, ಮತ್ತು ಅದಕ್ಕೆ ಯಾವಾಗಲೂ ಲಕ್ಷಗಟ್ಟಲೆ ಹಣ ಬೇಕಿಲ್ಲ. ಪ್ರೆಸ್‌ನ ಏರ್ ಕ್ಲಚ್ ಪ್ರತಿ ಹೊಡೆತಕ್ಕೂ ಚುಸ್ಸೆಂದು ಗಾಳಿ ಬಿಡುತ್ತದಲ್ಲ, ಆ ಬಾಯಿಗೆ ಸೈಲೆನ್ಸರ್ ಹಾಕಿಸುವುದು ಸಣ್ಣ ಖರ್ಚು. ತುಣುಕುಗಳು ಬೀಳುವ ತಗಡಿನ ಪೆಟ್ಟಿಗೆಗೆ, ಜಾರುಬಂಡಿಗೆ ರಬ್ಬರ್ ಹಾಸಬಹುದು. ಕಂಪ್ರೆಸರನ್ನು ಗೋಡೆಯ ಆಚೆ ಇಡಬಹುದು. ಸಡಿಲವಾದ ಗಾರ್ಡ್, ಸವೆದ ಬೇರಿಂಗ್ ಬಿಗಿ ಮಾಡಿಸಿದರೆ ಯಂತ್ರದ ಆಯುಸ್ಸೂ ಹೆಚ್ಚುತ್ತದೆ. ಮಾಲೀಕರ ಮುಂದೆ ಕಿವಿಯ ಮಾತೆತ್ತಲು ಹೆದರಿಕೆಯಾದರೆ ಯಂತ್ರದ ದುರಸ್ತಿಯಿಂದಲೇ ಮಾತು ಶುರು ಮಾಡಲಿ, ಒಬ್ಬರೇ ಹೋಗದೆ ನಾಲ್ಕೈದು ಜನ ಸೇರಿ.

ಈಗ ಕೆಲಸದ ಭಯ. ಸದ್ದಿನಿಂದ ಬಂದ ಶ್ರವಣದೋಷ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿತ್ತು, 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದೆ. ಅಂದರೆ ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗ. ನಮ್ಮಲ್ಲಿ ಹಲವು ವೈದ್ಯರು ಈ ವರದಿ ಕಳುಹಿಸುವುದಿಲ್ಲ. ಅದು ನಮ್ಮ ವೃತ್ತಿಯ ತಪ್ಪು, ಕಾರ್ಮಿಕರದಲ್ಲ. ಮಹಾರಾಷ್ಟ್ರದಲ್ಲಿ ಇದನ್ನು ನೋಡುವುದು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಚಾಲನಾಲಯ. ವಿದ್ಯುತ್ ಬಳಸುವ ಕಡೆ 20 ಕೆಲಸಗಾರರಿಗಿಂತ ಕಡಿಮೆ ಇದ್ದರೆ ಆ ಶಾಪ್ ಸಾಮಾನ್ಯವಾಗಿ ಕಾರ್ಖಾನೆ ಎಂಬ ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಪ್ರೆಸ್ ಶಾಪ್‌ಗಳು ಕಣ್ಣು ತಪ್ಪಿಸಿಕೊಳ್ಳುವುದು ಇಲ್ಲಿಯೇ.

ಆದರೆ ನಿಮ್ಮ ಕೈಯಲ್ಲಿ ಇಎಸ್‌ಐ ಇದೆ. ಅದರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸದ್ದಿನಿಂದ ಬಂದ ಶ್ರವಣದೋಷ ಇದೆ, ಅಂತಹ ಕೆಲಸದಲ್ಲಿ ಸತತ ಆರು ತಿಂಗಳು ದುಡಿದಿದ್ದರೆ ಅದು ಕೆಲಸದಿಂದಲೇ ಬಂದದ್ದೆಂದು ಹಿಡಿಯುತ್ತಾರೆ. ವೈದ್ಯಕೀಯ ಮಂಡಳಿ ದುಡಿಮೆಯ ಶಕ್ತಿ ಎಷ್ಟು ಕುಂದಿದೆ ಎಂದು ಗೊತ್ತುಮಾಡಿ, ಅದಕ್ಕೆ ತಕ್ಕ ಮಾಸಿಕ ಪರಿಹಾರ ನಿಗದಿ ಮಾಡುತ್ತದೆ. ಈ ದಾರಿ ನಿಧಾನ. ವೇತನ ಚೀಟಿ, ಇಎಸ್‌ಐ ಸಂಖ್ಯೆ, ಹಳೆಯ ಗುತ್ತಿಗೆದಾರರ ಕಾಗದ ಎಲ್ಲವನ್ನೂ ಕೇಳುತ್ತಾರೆ. ಅಂಗವಿಕಲರ ಪ್ರಮಾಣಪತ್ರ ಮಾತ್ರ ಈ ಹಂತದಲ್ಲಿ ಸಿಗುವುದು ಕಷ್ಟ, ಅದಕ್ಕೆ 2016ರ ಕಾಯ್ದೆ ಮಾತಿಗೆ ಬೇಕಾದ ಸ್ಥಾಯಿಗಳಲ್ಲಿ ಎರಡೂ ಕಿವಿಗಳ ದೋಷ 60 ಡೆಸಿಬಲ್ ಮುಟ್ಟಿರಬೇಕು ಎನ್ನುತ್ತದೆ.

ದೂರು ಕೊಟ್ಟ ಗುತ್ತಿಗೆ ಕೆಲಸಗಾರನನ್ನು ‘ಕೆಲಸ ಕಡಿಮೆಯಾಗಿದೆ’ ಎಂದು ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ನಾಳೆಯೇ ದೂರು ಬರೆಯಿರಿ ಎನ್ನುವುದಿಲ್ಲ, ಕೆಲಸ ಬಿಡಿ ಎಂದೂ ಹೇಳುವುದಿಲ್ಲ. ಮೊದಲು ಪರೀಕ್ಷೆ, ಇಂದಿನಿಂದಲೇ ಪ್ಲಗ್, ಆರು ತಿಂಗಳ ನಂತರ ಮತ್ತೊಂದು ಪರೀಕ್ಷೆ. ನಕ್ಷೆ ಹಾಗೆಯೇ ನಿಂತಿದ್ದರೆ ಅಲ್ಲಿಯೇ ಮುಂದುವರಿಯಬಹುದು. ಇಳಿದಿದ್ದರೆ ಪ್ಯಾಕಿಂಗ್, ತಪಾಸಣೆ, ಸ್ಟೋರ್ ಕಡೆಗೆ ಬದಲಾಯಿಸಿಕೊಳ್ಳಲು ಕೇಳಲಿ. ಓವರ್‌ಟೈಮ್ ತಪ್ಪಿ ಕೈಗೆ ಬರುವುದು ಕಡಿಮೆಯಾಗಬಹುದು, ಅದನ್ನು ಮನೆಯಲ್ಲಿ ಮೊದಲೇ ಲೆಕ್ಕ ಹಾಕಿ. ಬದಲಾವಣೆಯೂ ಸಿಗದೆ ಕಿವಿಯೂ ಇಳಿಯುತ್ತಿದ್ದರೆ, ಬೇರೆ ಕೆಲಸ ಗೊತ್ತುಮಾಡಿಕೊಂಡು ಬಿಡುವುದೇ ನನ್ನ ಸಲಹೆ. 38ರ ವಯಸ್ಸಿನಲ್ಲಿ ಆ ದಾರಿ ಮುಚ್ಚಿಲ್ಲ.

ಕಿವಿಯ ಯಂತ್ರದ ಬಗ್ಗೆ ಕೇಳಿದ್ದೀರಿ. ಪರೀಕ್ಷೆಯ ನಕ್ಷೆಗೆ ಹೊಂದಿಸಿ ಹಾಕಿದ ಶ್ರವಣ ಸಾಧನದಿಂದ ಕಿವಿ ಹಾಳಾಗುವುದಿಲ್ಲ. ಹಾಳಾಗುವುದು ಅಳತೆಯಿಲ್ಲದೆ ಅಂಗಡಿಯಲ್ಲಿ ಕೊಂಡು ಎಲ್ಲ ಸದ್ದನ್ನೂ ಜೋರು ಮಾಡುವ ಅಗ್ಗದ ಪೆಟ್ಟಿಗೆಯಿಂದ. ಸರಿಯಾದ ಸಾಧನ ಮಾತನ್ನು ಹಿಡಿಯಲು ನೆರವಾಗುತ್ತದೆ, ಹಲವರಿಗೆ ರಾತ್ರಿಯ ಜೀರುಂಡೆಯ ಕಾಟವೂ ತಗ್ಗುತ್ತದೆ, ಆದರೆ ಮೊದಲಿನ ಕಿವಿಯನ್ನು ಮರಳಿ ಕೊಡುವುದಿಲ್ಲ. ಪ್ರೆಸ್ ಮುಂದೆ ಅದನ್ನು ಹಾಕಬಾರದು. ಸ್ವಿಚ್ ಆಫ್ ಮಾಡಿ ಹಾಕಿಕೊಂಡರೂ ಅದು ಪ್ಲಗ್ ಆಗುವುದಿಲ್ಲ. ಮಲಗುವಾಗ ಫ್ಯಾನ್ ಅಥವಾ ಮೆಲ್ಲಗೆ ಇಟ್ಟ ರೇಡಿಯೋ ಇದ್ದರೆ ಗುಂಯ್‌ಗುಡುವಿಕೆ ಅಷ್ಟು ಎದ್ದು ಕೇಳುವುದಿಲ್ಲ.

ಮಗಳಿಗೆ ಹೀಗೆ ಹೇಳಿಕೊಡಿ. ಅಪ್ಪ ಮನೆಗೆ ಬಂದ ಕೂಡಲೇ ಬೇಡ, ಊಟವಾಗಿ ಸ್ವಲ್ಪ ಹೊತ್ತು ಕಳೆಯಲಿ. ಟಿವಿ ಆರಿಸಿ, ಮಿಕ್ಸಿ ನಿಂತಿರಲಿ. ಅವಳು ಅಪ್ಪನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕುಳಿತುಕೊಳ್ಳಲಿ. ಕೂಗಬಾರದು, ಕೂಗಿದರೆ ಸ್ವರಗಳಷ್ಟೇ ದೊಡ್ಡದಾಗುತ್ತವೆ, ‘ಸಾಲು’ ಇನ್ನೂ ಜೋರಾದ ‘ಆಲು’ ಆಗುತ್ತದೆ. ಎಂದಿನ ದನಿಯಲ್ಲೇ, ಸ್ವಲ್ಪ ನಿಧಾನವಾಗಿ, ತುಟಿ ಕಾಣುವಂತೆ ಓದಲಿ. ಪುಸ್ತಕ ಇಬ್ಬರ ನಡುವೆ ತೆರೆದಿರಲಿ, ಅವಳ ಬೆರಳು ಸಾಲಿನ ಮೇಲಿರಲಿ. ಅಪ್ಪ ‘ಏನು?’ ಎಂದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ಬೇರೆ ಪದದಲ್ಲಿ ಹೇಳಲಿ.